ಉಪ್ಪಿನ ಋಣ

ಮೊನ್ನೆ ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಸಾರು ಅನ್ನ ಮುಗಿದು ಮಜ್ಜಿಗೆಗೆ ಕೈ ಹಾಕುವ ಹೊತ್ತಿಗೆ ಪಾರ್ಸೆಲ್ ಹುಡುಗನ ಫೋನು ಬಂತು. "ನಿಮ್ಮ ಗುಡ್ಡೆ ದಾರಿಯಲ್ಲಿ ಬೈಕು ಜಾರ್ತದೆ ಸರ್. ಕೆಳಗೆ ಅಂಗಡಿಯಲ್ಲಿ ಇಟ್ಟಿದ್ದೇನೆ" ಅಂದ. ನಾನು ಬಾಯಿ ತೆರೆಯುವ ಮೊದಲೇ ಫೋನು ಕಟ್ಟಾಯಿತು.

ಎದೆ ಧಸಕ್ಕೆಂದಿತು. ಆಟಿ ತಿಂಗಳ ಮಳೆ, ಪಾರ್ಸೆಲ್ ಒದ್ದೆಯಾಗುತ್ತದೆ ಎಂಬ ಹೆದರಿಕೆ ಅರ್ಧ. ಅದನ್ನು ಅಂಗಡಿಯ ಇಚ್ಚ ನೋಡುತ್ತಾರಲ್ಲ ಎಂಬ ಹೆದರಿಕೆ ಇನ್ನರ್ಧ. ಯಾಕೆಂದರೆ ಅದರಲ್ಲಿ ಇದ್ದದ್ದು 20 ಕಿಲೋ ಉಪ್ಪು.

ಆ ಅಂಗಡಿಯಿಂದ ನಮ್ಮ ಮನೆಗೆ ಮೂವತ್ತು ವರ್ಷದಿಂದ ಉಪ್ಪು ಬರುತ್ತದೆ. ಮಾವಿನಮಿಡಿಗೆ ಕಲ್ಲುಪ್ಪು, ಹಲಸಿನ ಸೊಳೆಗೆ ಕಲ್ಲುಪ್ಪು, ದನಗಳ ಅಕ್ಕಚ್ಚಿಗೆ ಕಲ್ಲುಪ್ಪು. ಇಚ್ಚನ ಉಪ್ಪಿನ ಗೋಣಿ ಅಂಗಡಿಯ ಜಗಲಿಯಲ್ಲೇ ಹಗಲು ರಾತ್ರಿ ಕೂತಿರುತ್ತದೆ. ಬೀಗ ಇಲ್ಲ, ಮುಚ್ಚಳ ಇಲ್ಲ. ಈಗ ಅದರ ಪಕ್ಕದಲ್ಲಿ, ಅದರ ಮಾನ ತೆಗೆಯುವ ಹಾಗೆ, ಹಡಗು ಹತ್ತಿ ಬಂದ ಉಪ್ಪಿನ ರಟ್ಟಿನ ಪೆಟ್ಟಿಗೆ.

ಕೊಡೆ ಹಿಡಿದು ಓಡಿದೆ. ಹುಡುಗ ಪೆಟ್ಟಿಗೆಯನ್ನು ಸರಿಯಾಗಿ ಮಾಡಿನ ನೀರು ಬೀಳುವ ಜಾಗದಲ್ಲೇ ಇಟ್ಟಿದ್ದ. ಅಷ್ಟು ಅಂದಾಜು ಹಿಡಿದು ಇಡಬೇಕಾದರೆ ಅಭ್ಯಾಸ ಬೇಕು. ಇಚ್ಚ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸಿಟ್ಟಿಲ್ಲ, ಬೇಜಾರು ಮಾತ್ರ.

"ಭಟ್ರೆ, ನಮ್ಮ ಉಪ್ಪಿಗೆ ಎಂತ ಆಗಿದೆ?"

"ಎಂತ ಇಲ್ಲ ಇಚ್ಚ. ಇದು ಮೀನಿಗೆ."

"ಮೀನಿಗೆ ಉಪ್ಪು ನಾವೂ ಹಾಕ್ತೇವೆ" ಅಂದರು. "ಹಾಕಿ ಒಣಗಿಸ್ತೇವೆ."

ಬೆಂಚಿನ ಮೇಲೆ ಚಾ ಕುಡಿಯುತ್ತಿದ್ದ ಇಬ್ಬರ ಮೂಗಿಗೆ ಚಾ ಹತ್ತಿತು.

ನಿಮಗೂ ಇಂಥದ್ದೊಂದು ಹುಚ್ಚು ಇದ್ದರೆ ನನ್ನ ಕಷ್ಟ ಗೊತ್ತಾದೀತು. ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಸಾಕುತ್ತಿದ್ದೇನೆ. ಮೂರಡಿ ಉದ್ದ, ಹತ್ತಿರ ಹತ್ತಿರ 200 ಲೀಟರ್. ಅದರೊಳಗೆ ಎರಡು ಕ್ಲೌನ್ ಮೀನು, ನಾಲ್ಕು ಬಸವನಹುಳು, ಒಂದು ಸಿಗಡಿ, ಕಲ್ಲಿನ ಮೇಲೆ ಅಂಗಿಯ ಗುಬ್ಬಿಯಂತೆ ಅರಳುವ ಒಂದಷ್ಟು ಮೆತ್ತನೆಯ ಜೀವಿಗಳು. ಸಿಹಿನೀರಿನ ಗೋಲ್ಡ್‌ಫಿಷ್ ಆದರೆ ಯಾರೂ ಕೇಳುತ್ತಿರಲಿಲ್ಲ. ನಾನು ಮನೆಯೊಳಗೆ ಸಮುದ್ರವನ್ನೇ ಕಟ್ಟಲು ಹೊರಟೆ. ಅದೂ ಮೀನು ತಿನ್ನದ ಮನೆಯೊಳಗೆ.

ಮೂರು ವರ್ಷದಲ್ಲಿ ನನಗೆ ಗೊತ್ತಾದದ್ದು ಇಷ್ಟೇ. ಊರಲ್ಲಿ ಪುಕ್ಕಟೆ ಸಿಗುವುದನ್ನೆಲ್ಲ ನಾನು ದುಡ್ಡು ಕೊಟ್ಟು ತರಿಸುತ್ತೇನೆ.

ನೀರನ್ನೇ ತೆಗೆದುಕೊಳ್ಳಿ. ನಮಗೆ ಸುರಂಗದ ನೀರು. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು, ಅಜ್ಜನ ಕಾಲದ್ದು. ಪಂಪಿಲ್ಲ, ಕರೆಂಟಿಲ್ಲ, ನೀರು ತನ್ನಷ್ಟಕ್ಕೇ ಹರಿದು ಅಂಗಳಕ್ಕೆ ಬರುತ್ತದೆ. ಬಂದ ನೆಂಟರು ಎರಡು ಚೊಂಬು ಕುಡಿದು, ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಆ ನೀರನ್ನು ನಾನು ಆರ್‌ಒ ಯಂತ್ರಕ್ಕೆ ಹಾಕಿ, ಅದರ ನಂತರ ಡಿಐ ಎಂಬ ಇನ್ನೊಂದು ಕೊಳವೆಗೆ ಹಾಕಿ, ಮೀಟರಿನಲ್ಲಿ ಸೊನ್ನೆ ಬರುವ ತನಕ ಶುದ್ಧ ಮಾಡುತ್ತೇನೆ. ಮೊದಲ ದಿನ ಅಪ್ಪ ಹಿಂದೆ ನಿಂತು ನೋಡಿದರು.

"ಸುರಂಗದ ನೀರನ್ನು ನೀನು ತೊಳೀತೀಯಾ?"

"ಅದರಲ್ಲಿರುವ ಲವಣ ಎಲ್ಲ ತೆಗೀಬೇಕು ಅಪ್ಪ."

"ತೆಗೆದು?"

"ಉಪ್ಪು ಹಾಕ್ಬೇಕು."

ಅಪ್ಪ ಮತ್ತೆ ಮಾತಾಡಲಿಲ್ಲ. ಸಂಜೆ ಅಮ್ಮನ ಹತ್ತಿರ, "ಮಾಣಿಗೆ ನಿದ್ದೆ ಸರಿ ಬೀಳ್ತದಾ?" ಅಂತ ಕೇಳಿದರಂತೆ. ಮಾಣಿಗೆ ಆಗ 41 ವರ್ಷ.

ಅಮ್ಮ ಪಾಪ ಸಹಾಯಕ್ಕೆ ಬಂದವರು. ಉಪ್ಪು ಕಲಸಲಿಕ್ಕೆ ಬಚ್ಚಲಿನ ತಾಮ್ರದ ಹಂಡೆ ತಿಕ್ಕಿ ಫಳಫಳ ಮಾಡಿ ಕೊಟ್ಟರು. ತಾಮ್ರ ಮನುಷ್ಯರಿಗೆ ಶ್ರೇಷ್ಠ ಇರಬಹುದು. ಸಿಗಡಿಗೆ, ಬಸವನಹುಳುವಿಗೆ, ಹವಳದ ಜಾತಿಗೆ ಚೂರು ಹೆಚ್ಚಾದರೂ ವಿಷ. "ಹಂಡೆ ಬೇಡಮ್ಮ, ಪ್ಲಾಸ್ಟಿಕ್ ಡ್ರಮ್ ಸಾಕು" ಅಂದೆ. ನನ್ನನ್ನು ಇಷ್ಟು ಓದಿಸಿದ್ದು ತಪ್ಪಾಯಿತೋ ಏನೋ ಎಂಬಂತೆ ನೋಡಿದರು.

ಕಲ್ಲಿನದ್ದೂ ಅದೇ ಕತೆ. ಟ್ಯಾಂಕಿಗೆ ತೂತು ತೂತಿನ ಕಲ್ಲು ಬೇಕು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕೆಲವು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಕೊನೆಯದ್ದಕ್ಕೆ ಬಂದರೆ ಮೀನು ಬದುಕೀತು. ನಾನು ಕೃತಕ ಕಲ್ಲು ತರಿಸಿದೆ. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ತೂತಿನ ಕಲ್ಲು ಬೇಕಾದ್ರೆ ನಮ್ಮ ಮುರಕಲ್ಲಿಗೆ ಎಂತ ಧಾಡಿ? ಇಡೀ ಮನೆಯೇ ಅದ್ರಲ್ಲಿ ಕಟ್ಟಿದ್ದು" ಅಂದರು. ನ್ಯಾಯವೇ. ಆದರೆ ಮುರಕಲ್ಲಿನ ಕೆಂಪು ಎಂದರೆ ಕಬ್ಬಿಣ. ಅದನ್ನು ಉಪ್ಪುನೀರಿನಲ್ಲಿ ಮುಳುಗಿಸಿದರೆ ಹವಳದ ಬದಲು ಪಾಚಿಯ ಬೆಳೆ ತೆಗೆಯಬೇಕಾದೀತು.

ಕಲ್ಲು ಹಾಕಿ, ನೀರು ತುಂಬಿ, ಲೈಟು ಹಾಕಿ ಆರು ವಾರ ಕಾದೆ. ಬ್ಯಾಕ್ಟೀರಿಯಾ ಬೆಳೆಯುವ ತನಕ ಮೀನು ಬಿಡುವ ಹಾಗಿಲ್ಲ. ಆ ಆರು ವಾರ ನಮ್ಮ ಮನೆಗೆ ಬಂದವರು ಕೊಟ್ಟ ಬಿರುದು "ಕಲ್ಲು ಸಾಕುವವ." ಒಬ್ಬರು ಹಿರಿಯರಂತೂ ಅದು ಎಲ್ಲಿಯಾದರೂ ಉದ್ಭವವೋ ಎಂದು ಕೈ ಮುಗಿಯಲು ಹೊರಟಿದ್ದರು.

ಇನ್ನು ಸಮುದ್ರದ ವಿಷಯ. ಇದನ್ನು ಕೇಳದ ನೆಂಟರಿಲ್ಲ, ಕೇಳದ ಪೋಸ್ಟ್‌ಮ್ಯಾನ್ ಇಲ್ಲ, ಅಡಿಕೆ ಕೊಯ್ಯಲು ಬಂದವರೂ ಕೊಕ್ಕೆ ಕೆಳಗಿಟ್ಟು ಕೇಳಿದ್ದಾರೆ. "ಇಲ್ಲೇ 20 ಕಿಲೋಮೀಟರಿನಲ್ಲಿ ಅರಬ್ಬೀ ಸಮುದ್ರ ಉಂಟು. ನಾಲ್ಕು ಕ್ಯಾನು ತಂದ್ರೆ ಆಗುವುದಿಲ್ವಾ?" ಭಾವ ಒಬ್ಬ ಇದ್ದಾನೆ, ಅವನು ತಿಂಗಳಿಗೆ ಎರಡು ಸಲ ಕೇಳುತ್ತಾನೆ. ಪ್ರತಿ ಸಲವೂ ತನಗೆ ಆಗಷ್ಟೇ ಹೊಳೆದ ಹಾಗೆ. ಹಣೆ ಮುಟ್ಟಿಕೊಂಡು, "ಅಲ್ಲ ಭಾವಾ, ಒಂದು ಐಡಿಯಾ ಬಂತು" ಎಂದು ಶುರು ಮಾಡುತ್ತಾನೆ.

ಒಂದು ಸಲ ನಾನೂ ಮಾಡಿ ನೋಡಿದೆ. ಇದುವರೆಗೆ ಯಾರಿಗೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ. ಜೀಪಿನಲ್ಲಿ 20 ಲೀಟರಿನ ಹತ್ತು ಕ್ಯಾನು ತುಂಬಿಸಿಕೊಂಡು, ಯಾರೂ ಏಳುವ ಮೊದಲೇ ಕಾಸರಗೋಡಿನ ಕಡಪ್ಪುರಕ್ಕೆ ಹೋದೆ. ಪ್ಯಾಂಟು ಒದ್ದೆಯಾದೀತು ಎಂದು ಬಿಳಿ ಪಂಚೆ ಉಟ್ಟಿದ್ದೆ, ಹೆಗಲಿಗೊಂದು ಬೈರಾಸು. ಹದಿನೈದು ದಿನದ ಹಿಂದಷ್ಟೇ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದೆ. ಬೋಳು ತಲೆ, ಬಿಳಿ ಪಂಚೆ, ಬೆಳಗ್ಗಿನ ಜಾವ, ಮೊಣಕಾಲುದ್ದ ಸಮುದ್ರದಲ್ಲಿ ಒಬ್ಬನೇ ಬಗ್ಗಿ ನಿಂತಿದ್ದೇನೆ. ನೋಡಿದವರಿಗೆ ಎಂತ ಅನಿಸಬೇಕು?

ಬಲೆ ಬಿಡಿಸುತ್ತಿದ್ದ ಒಬ್ಬ ಹಿರಿಯರು ಕೆಲಸ ನಿಲ್ಲಿಸಿದರು. ಮೆಲ್ಲ ಹತ್ತಿರ ಬಂದು, ತಲೆಗೆ ಕಟ್ಟಿದ್ದ ತೋರ್ತು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತುಂಬ ಮೆತ್ತಗೆ ಕೇಳಿದರು. "ಆರಾ ಮರಿಚ್ಚದ್?"

ತೀರಿಕೊಂಡದ್ದು ಯಾರು ಅಂತ.

ನನಗೆ ಒಮ್ಮೆಗೇ ಉತ್ತರ ಹೊಳೆಯಲಿಲ್ಲ. ಆ ಮೌನವನ್ನು ಅವರು ದುಃಖ ಎಂದು ತಿಳಿದರು. ನನ್ನ ಬೆನ್ನ ಮೇಲೆ ಕೈಯಿಟ್ಟು, ಎಲ್ಲರೂ ಹೋಗುವವರೇ, ಸಮುದ್ರ ಎಲ್ಲವನ್ನೂ ತೆಗೆದುಕೊಳ್ಳುತ್ತದೆ ಎಂದರು. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಅವರೂ ತೋರ್ತು ಬಿಚ್ಚಿದರು. ಒಬ್ಬ ಹುಡುಗ ಬೀಡಿ ಆರಿಸಿದ. ಮೂವರೂ ಸೇರಿ ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು, ಅಲೆ ಒಡೆಯುವುದಕ್ಕಿಂತ ಆಚೆ ಹೋಗಿ, ಒಳ್ಳೆ ನೀರು ತುಂಬಿಸಿ ತಂದು ಕೊಟ್ಟರು. ನಾನು ಸುಮ್ನೆ ನಿಂತಿದ್ದೆ. ಈ ಹಂತದಲ್ಲಿ ಅಕ್ವೇರಿಯಂ ಎಂಬ ಶಬ್ದ ಬಾಯಿಂದ ಬರುವುದು ಹೇಗೆ, ನೀವೇ ಹೇಳಿ.

ನಾಲ್ಕನೇ ಕ್ಯಾನಿಗೆ ಹಿರಿಯರಿಗೆ ಸಣ್ಣ ಸಂಶಯ ಬಂತು. ಬೂದಿ ಬಿಡಲು ಬಂದವರು ಏನನ್ನಾದರೂ ಸಮುದ್ರಕ್ಕೆ ಬಿಡಬೇಕು. ಇವನು ಬರೀ ತುಂಬಿಸಿಕೊಳ್ಳುತ್ತಿದ್ದಾನೆ. ಏಳನೆಯ ಕ್ಯಾನಿಗೆ ಕೇಳಿಯೇಬಿಟ್ಟರು, ಇಷ್ಟು ನೀರು ಯಾವ ಕರ್ಮಕ್ಕೆ ಅಂತ. ಇನ್ನು ಸುಳ್ಳು ಹೇಳಿದರೆ ಪಾಪ ಸುತ್ತಿಕೊಂಡೀತು.

"ಮೀನಿಗೆ" ಅಂದೆ.

"ಮೀನಿಗಾ?"

"ಮನೆಯಲ್ಲಿ ಉಂಟು. ಎರಡು."

ಮೂವರೂ ಸಮುದ್ರವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಒಟ್ಟಿಗೆ ತೋರ್ತು ತಲೆಗೆ ಕಟ್ಟಿಕೊಂಡರು. ಹುಡುಗ ಹೊಸ ಬೀಡಿ ಹಚ್ಚಿದ. ಹಿರಿಯರು ಯೋಚಿಸಿ ಯೋಚಿಸಿ ಒಂದು ಮಾತು ಹೇಳಿದರು. ಮೀನಿಗಾಗಿ ಇಷ್ಟು ನೀರು ಹೊರುವುದಕ್ಕಿಂತ ಆ ಎರಡು ಮೀನನ್ನು ಇಲ್ಲಿಗೆ ತಂದು ಬಿಟ್ಟರೆ ಸುಲಭ ಅಲ್ವಾ? ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಹೆಬ್ಬೆರಳಿನಷ್ಟು ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟಿ. ಹುಡುಗ ಹಿಗ್ಗಿಸಿ ನೋಡಿ, "ಇದ್ರಲ್ಲಿ ತಿನ್ಲಿಕ್ಕೆ ಎಂತ ಉಂಟು?" ಎಂದ. ಅನುಕಂಪವೆಲ್ಲ ಆವಿಯಾಗಿತ್ತು. ಉಳಿದ ಮೂರು ಕ್ಯಾನು ನಾನೇ ತುಂಬಿಸಿದೆ.

ಇಷ್ಟೆಲ್ಲ ಆಗಿ ಮನೆಗೆ ಬಂದು, ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದೆ. 1.025 ಇರಬೇಕಾದ ಜಾಗದಲ್ಲಿ 1.014. ಚಂದ್ರಗಿರಿ ಹೊಳೆ ಸಮುದ್ರ ಸೇರುವ ಬದಿಯಲ್ಲೇ ನಾನು ನೀರು ತುಂಬಿಸಿದ್ದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ನಾಲ್ಕು ತಿಂಗಳ ಮಳೆಯನ್ನೆಲ್ಲ ಹೊತ್ತು ತಂದ ಹೊಳೆ. ಆ ನೀರಿನಲ್ಲಿ ಕೆಸರಿತ್ತು, ಕಸವಿತ್ತು. ಸಮುದ್ರ ಮಾತ್ರ ಅರ್ಧವೇ ಇತ್ತು. ಬೇಸಗೆಯಲ್ಲಿ, ಹೊಳೆಬಾಯಿಯಿಂದ ದೂರ, ದೋಣಿಯಲ್ಲಿ ಒಳಗೆ ಹೋಗಿ ತಂದರೆ ಆದೀತು. ಆದರೆ ಮತ್ತೆ ಆ ದೋಣಿಯವರ ಮುಖ ನೋಡುವುದು ಯಾರು? ಹತ್ತು ಕ್ಯಾನು ನೀರನ್ನು ರಾತ್ರಿ ಕದ್ದು ಗುಡ್ಡೆ ಆಚೆ ಚೆಲ್ಲಿ ಬಂದೆ. ಮರುದಿನ ಉಪ್ಪಿಗೆ ಆರ್ಡರ್ ಹಾಕಿದೆ.

ಕಡಪ್ಪುರದ ಕತೆ ಬಿಟ್ಟು, ಉಪ್ಪಿನ ಲೆಕ್ಕವನ್ನು ಇಚ್ಚನಿಗೂ ಒಮ್ಮೆ ಬಿಡಿಸಿ ಹೇಳಿದ್ದೆ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ನಮ್ಮ ಅಡುಗೆಯ ಉಪ್ಪೇ ಜಾಸ್ತಿ, ಆದರೆ ಕ್ಯಾಲ್ಸಿಯಂ 400 ಮಿಲಿಗ್ರಾಂ ಚಿಲ್ಲರೆ, ಮೆಗ್ನೀಸಿಯಂ 1,300ರ ಹತ್ತಿರ, ಬೇರೆ ಚೂರುಪಾರು ಎಷ್ಟೋ. ಉಪ್ಪಿನ ಗದ್ದೆಯಲ್ಲಿ ನೀರು ಆರುವಾಗ ಕ್ಯಾಲ್ಸಿಯಂ ಮೊದಲೇ ತಳ ಹಿಡಿಯುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನೊಟ್ಟಿಗೆ ಹೋಗುತ್ತದೆ. ನಡುವಿನದ್ದು ಮಾತ್ರ ನಿಮ್ಮ ಗೋಣಿಗೆ ಬರುತ್ತದೆ ಎಂದೆ. ಇಚ್ಚ ಪೂರ್ತಿ ಕೇಳಿದರು. "ಹಾಗಾದ್ರೆ ನಾನು ಇಷ್ಟು ವರ್ಷ ನಿಮಗೆ ಅರ್ಧ ಉಪ್ಪು ಕೊಟ್ಟಿದ್ದೇನೆ ಅಂತಾಯ್ತು" ಎಂದರು. ಅಂದಿನಿಂದ ನಮ್ಮ ಮನೆಗೆ ಉಪ್ಪು ತೂಗುವಾಗ ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ತಮಾಷೆಗೋ ಬೇಜಾರಿಗೋ ಗೊತ್ತಿಲ್ಲ.

ಚಳಿಯನ್ನೂ ದುಡ್ಡು ಕೊಟ್ಟೇ ತಂದಿದ್ದೇನೆ, ಚಿಲ್ಲರ್ ಎಂಬ ಹೆಸರಿನಲ್ಲಿ. ಏಪ್ರಿಲ್ ತಿಂಗಳಲ್ಲಿ ಮನೆಯವರೆಲ್ಲ ಬೀಸಣಿಗೆ ಹಿಡಿದು ಕೂತಿರುವಾಗ ಮೀನುಗಳು 26 ಡಿಗ್ರಿಯಲ್ಲಿ ಹಾಯಾಗಿರುತ್ತವೆ. ಮೀನಿನ ತಿಂಡಿ ಬೇರೆ ಹೆಪ್ಪುಗಟ್ಟಿಸಿದ ಪುಟ್ಟ ಸಿಗಡಿ. ಅದು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಕಂಡ ದಿನ ಅಮ್ಮ ಉಪವಾಸ ಕೂತರು. ಹಾಗಾಗಿ ಹಟ್ಟಿಯ ಪಕ್ಕದ ಕೋಣೆಗೆ ಮೀನಿನದ್ದೇ ಒಂದು ಸಣ್ಣ ಫ್ರಿಜ್ಜು ಬಂತು. ಹವಳ ತೋರಿಸು ಎಂದು ಬಂದ ಚಿಕ್ಕಮ್ಮನೊಬ್ಬರು, "ಮಗಳಿಗೆ ಕುಜದೋಷ, ಉಂಗುರಕ್ಕೆ ಒಂದು ಚೂರು ಮುರಿದು ಕೊಡು" ಎಂದದ್ದೂ ಉಂಟು. ನನ್ನಲ್ಲಿ ಇರುವುದು ಮುರಿಯುವ ಹವಳವೇ ಅಲ್ಲ. ಗಟ್ಟಿ ಹವಳ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಕೂತಿದೆ, ಮನೆಯಲ್ಲಿ ಇಡುವ ಹಾಗಿಲ್ಲ. ನನ್ನದು ಆ ಪಟ್ಟಿಗೆ ಸೇರದ ಮೆತ್ತನೆಯ ಬಡಪಾಯಿಗಳು. ಚಿಕ್ಕಮ್ಮನಿಗೆ ಇದು ಕೊಡಲು ಮನಸ್ಸಿಲ್ಲದವರ ನೆವ ಎಂದೇ ಅನಿಸಿತು.

ಇಷ್ಟು ಬೈಸಿಕೊಂಡೂ ಯಾಕೆ ಇಟ್ಟುಕೊಂಡಿದ್ದೀ ಎಂದರೆ, ಕಳೆದ ವರ್ಷದ ಜೂನ್ ತಿಂಗಳ ಒಂದು ರಾತ್ರಿಯ ಮಾತು ಹೇಳಬೇಕು. ಗಾಳಿಗೆ ಅಡಿಕೆ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಇನ್ವರ್ಟರ್ ಹನ್ನೊಂದು ಗಂಟೆಗೆ ಕೀ ಎಂದು ಕಣ್ಣು ಮುಚ್ಚಿತು. ಪಂಪು ನಿಂತರೆ ನೀರು ಅಲುಗುವುದಿಲ್ಲ, ನೀರು ಅಲುಗದಿದ್ದರೆ ಅದಕ್ಕೆ ಗಾಳಿ ಸೇರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಪಿಳಿಪಿಳಿ ಮಾಡತೊಡಗಿದವು. ನಾನು ಚೊಂಬು ತೆಗೆದುಕೊಂಡು ಟ್ಯಾಂಕಿನ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತಾ ಕೂತೆ. ಐದು ನಿಮಿಷ ಸುರಿಯುವುದು, ಐದು ನಿಮಿಷ ಬಿಡುವುದು.

ಎರಡು ಗಂಟೆಗೆ ಅಮ್ಮ ಚಿಮಿಣಿ ದೀಪ ಹಿಡಿದು ಬಂದರು. ಸ್ವಲ್ಪ ಹೊತ್ತು ನೋಡಿ ಚೊಂಬಿಗೆ ಕೈ ಚಾಚಿದರು. "ನೀನು ಒಂದು ಗಳಿಗೆ ಮಲಗು."

"ಅಮ್ಮ, ಅದು ಮೀನಿನ ನೀರು."

"ಗೊತ್ತುಂಟು. ಬೆಳಿಗ್ಗೆ ಹೇಗೂ ಮೀಯುವುದುಂಟಲ್ಲ."

ನಾನು ಅಲ್ಲೇ ಚಾಪೆಯಲ್ಲಿ ಅಡ್ಡಾದೆ. ನಿದ್ದೆ ಬರಲಿಲ್ಲ. ಹೊರಗೆ ಮಳೆ, ಒಳಗೆ ಚೊಂಬಿನಿಂದ ನೀರು ಬೀಳುವ ಸದ್ದು. ನಡು ನಡುವೆ ಅಮ್ಮ ಮೀನಿನ ಹತ್ತಿರ ಏನೋ ಹೇಳುತ್ತಿದ್ದರು. ದನ ಕರು ಹಾಕುವ ರಾತ್ರಿ ಹಟ್ಟಿಯಲ್ಲಿ ಕೂತು ಹೇಳುತ್ತಿದ್ದರಲ್ಲ, ಅದೇ ದನಿ. ಸಣ್ಣವನಿದ್ದಾಗ ಆ ದನಿ ಕೇಳುತ್ತಲೇ ಎಷ್ಟು ರಾತ್ರಿ ನಿದ್ದೆ ಮಾಡಿದ್ದೇನೋ.

ಕರೆಂಟು ಬಂದದ್ದು ಬೆಳಿಗ್ಗೆ ಆರೂ ಕಾಲಕ್ಕೆ. ದೊಡ್ಡ ಮೀನು ಉಳಿಯಲಿಲ್ಲ. ಕ್ಲೌನ್ ಮೀನು ಹುಟ್ಟುವಾಗ ಎಲ್ಲವೂ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಉಳಿದ ಗಂಡು ಹೆಣ್ಣಾಗುತ್ತದೆ. ಮತ್ತೊಂದು ಸಣ್ಣ ಮೀನು ತಂದು ಬಿಟ್ಟೆ. ತಿಂಗಳುಗಳು ಕಳೆದ ಹಾಗೆ ಹಳೆಯದು ಬೆಳೆದು ದೊಡ್ಡದಾಯಿತು, ಹೊಸದನ್ನು ಓಡಿಸಿ ಓಡಿಸಿ ಅಂಕೆಯಲ್ಲಿಟ್ಟುಕೊಂಡಿತು. ಅಮ್ಮ ನೋಡಿ, "ಪಾಪ, ಮನೆ ನಡೆಸುವುದು ಅದರ ತಲೆಗೆ ಬಿತ್ತು" ಎಂದರು. ಅವುಗಳನ್ನು ಮೀನು ಎಂದು ಕರೆಯುವುದನ್ನೇ ಅಮ್ಮ ಬಿಟ್ಟಿದ್ದಾರೆ. ಈಗ ಅವು ದೊಡ್ಡ ಕೇಪಳ ಮತ್ತು ಸಣ್ಣ ಕೇಪಳ, ಬೇಲಿಯ ಹೂವಿನ ಬಣ್ಣ ನೋಡಿ ಇಟ್ಟ ಹೆಸರು.

ಅದಿರಲಿ. ಮೊನ್ನೆಯ ಪೆಟ್ಟಿಗೆಗೆ ಬರುತ್ತೇನೆ.

ಹೆಗಲ ಮೇಲೆ ಹೊತ್ತು ಗುಡ್ಡೆ ಹತ್ತಿಸಿದೆ. ಜಗಲಿಯಲ್ಲಿ ಇಳಿಸಿ ರಟ್ಟು ಹರಿದೆ. ಒಳಗಿನ ಪ್ಲಾಸ್ಟಿಕ್ ಚೀಲದ ಮೂಲೆ ಹರಿದು ನೀರು ಇಳಿದಿತ್ತು. ಕಳಿಸಿದವರಿಗೆ ಫೋನು ಮಾಡಿದರೆ, ಫೋಟೋ ಕಳಿಸಿ, ವಿಡಿಯೋ ಕಳಿಸಿ, ಪೆಟ್ಟಿಗೆ ತೆರೆಯುವಾಗಿನ ವಿಡಿಯೋ ಕಳಿಸಿ ಎಂದರು. ಪೆಟ್ಟಿಗೆ ತೆರೆಯುವಾಗ ನನ್ನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕೊಡೆ ಇತ್ತು. ವಿಡಿಯೋ ತೆಗೆಯಲು ಮೂರನೆಯ ಕೈ ದೇವರು ನನಗೆ ಕೊಟ್ಟಿಲ್ಲ. ಎರಡು ದಿನ ಕಳೆಯುವಾಗ 20 ಕಿಲೋವೂ ಸೇರಿ ಒಂದೇ ಬಂಡೆಯಾಯಿತು. ಹೀಗೆ ಕಟ್ಟಿದ ಉಪ್ಪನ್ನು ಪುಡಿ ಮಾಡಿ ಹಾಕಿದರೆ ನಡೆಯುವುದಿಲ್ಲ, ಕ್ಯಾಲ್ಸಿಯಂ ಸುಣ್ಣವಾಗಿ ಬೇರೆಯಾಗಿರುತ್ತದೆ, ನೀರಿನಲ್ಲಿ ಕರಗದು. ಜಗಲಿಯಲ್ಲಿ ಬೆಳ್ಳಗೆ ಕೂತಿತ್ತು, ಶಿವಲಿಂಗದ ಹಾಗೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಬಂಡೆ ಇಲ್ಲ. ಅಂಗಳದ ಕೆಳಗಿನಿಂದ ಠಣ್ ಠಣ್ ಸದ್ದು. ಇಳಿದು ಹೋದೆ. ಅಪ್ಪ ಮಂಡೆಗೆ ಹಾಳೆಟೊಪ್ಪಿ ಇಟ್ಟುಕೊಂಡು ಪಿಕ್ಕಾಸಿನಲ್ಲಿ ಬಂಡೆ ಒಡೆಯುತ್ತಿದ್ದರು. ಒಡೆದದ್ದನ್ನು ಬುಟ್ಟಿಗೆ ತುಂಬಿಸಿ, ತೆಂಗಿನ ಬುಡ ಬಿಡಿಸಿ, ಸುತ್ತಲೂ ಎರಡೆರಡು ಹಿಡಿ ಹಾಕಿ ಮಣ್ಣು ಮುಚ್ಚುತ್ತಿದ್ದರು. ತೆಂಗಿಗೆ ಉಪ್ಪು ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಪ್ರತಿ ವರ್ಷ ಇಚ್ಚನ ಅಂಗಡಿಯಿಂದ ಅದಕ್ಕೆಂದೇ ಒಂದು ಗೋಣಿ ಬರುತ್ತದೆ. ಈ ವರ್ಷ ಅದೂ ತಪ್ಪಿತು. ಇನ್ನು ಆ ಅಂಗಡಿಯ ಮುಂದೆ ತಲೆ ಎತ್ತಿ ನಡೆಯುವ ಹಾಗಿಲ್ಲ.

ನನ್ನನ್ನು ನೋಡಿ ಅಪ್ಪ ಬೆನ್ನು ನೆಟ್ಟಗೆ ಮಾಡಿದರು. ಬೆರಳ ತುದಿಯಲ್ಲಿದ್ದ ಪುಡಿಯನ್ನು ನಾಲಗೆಗೆ ತಾಗಿಸಿ, ಕಣ್ಣು ಸಣ್ಣ ಮಾಡಿ, ರುಚಿ ನೋಡಿದರು.

"ಒಳ್ಳೆ ಖಾರ ಉಂಟು ಮಾಣಿ. ಅಡಿಕೆ ಬದಿಯಲ್ಲಿ ಇನ್ನೂ ಹದಿನೆಂಟು ತೆಂಗು ಬಾಕಿ" ಎಂದರು. "ಇನ್ನೊಂದು ಪೆಟ್ಟಿಗೆಗೆ ಹೇಳು. ಒದ್ದೆ ಆದದ್ದೇ ಇರಲಿ."